ತಿರುಮಲಯ್ಯನ ಎರಡನೆಯ ಮುದ್ದೆ

ಹೆಣದ ತಲೆಯನ್ನು ನೆಟ್ಟಗೆ ನಿಲ್ಲಿಸುವುದು ನೀವು ತಿಳಿದಷ್ಟು ಸಲೀಸಲ್ಲ. ಚನ್ನರಾಯಪಟ್ಟಣದ ಕಡೆ ಎಷ್ಟೋ ಮನೆಗಳಲ್ಲಿ ಹಿರಿಯರು ತೀರಿಕೊಂಡರೆ ಮಲಗಿಸಿ ಮುಸುಕೆಳೆದು ಬಿಡುವುದಿಲ್ಲ. ಮೀಯಿಸಿ, ಹೊಸ ಪಂಚೆ ಉಡಿಸಿ, ಪೇಟ ಸುತ್ತಿ, ಜಗಲಿಯ ಮೇಲೆ ಗೋಡೆಗೊರಗಿಸಿ ಕೂರಿಸುತ್ತಾರೆ. ಬಂದವರು ಮುಖ ನೋಡಿ ಹೋಗಬೇಕಲ್ಲ! ಆದರೆ ಸತ್ತವನಿಗೆ ಯಾರ ಭಯ? ತಲೆ ಒಮ್ಮೆ ಎಡಕ್ಕೆ ವಾಲುತ್ತದೆ, ಒಮ್ಮೆ ಎದೆಯ ಮೇಲೆ ಬೀಳುತ್ತದೆ. ಹಣೆಗೊಂದು ಬಟ್ಟೆಪಟ್ಟಿ ಬಿಗಿದು ಗೋಡೆಯ ಮೊಳೆಗೆ ಕಟ್ಟಿದರೆ ಮೊಳೆಯೇ ಕಿತ್ತುಕೊಂಡು ಬರುತ್ತದೆ. ನುಗ್ಗೇಹಳ್ಳಿಯ ಗೊಂಬೆ ತಿರುಮಲಯ್ಯ ನಾಲ್ಕು ತಾಲ್ಲೂಕಿಗೆ ಹೆಸರಾದದ್ದು ಇದೇ ತೊಂದರೆಯಿಂದ.

ಹೆಸರಾಗುವ ಮೊದಲು ಅವನು ಬರೀ ಸೂತ್ರದ ಗೊಂಬೆ ಆಡಿಸುವವನಾಗಿದ್ದ. ಸೊಂಟದೆತ್ತರದ ಮರದ ಗೊಂಬೆಗಳು. ಆಡಿಸುವವನು ಪರದೆಯ ಹಿಂದೆ ನಿಂತು ತಲೆಗೆ ಬಟ್ಟೆ ಸುತ್ತಿದ ಸಿಂಬಿ ಇಟ್ಟುಕೊಳ್ಳುತ್ತಾನೆ. ಸಿಂಬಿಯಿಂದ ಇಳಿದ ದಾರ ಗೊಂಬೆಯ ತಲೆಯ ಎರಡು ಪಕ್ಕಕ್ಕೆ ಕಟ್ಟಿರುತ್ತದೆ. ಇವನು ತಲೆ ಬಾಗಿಸಿದರೆ ಗೊಂಬೆ ತಲೆ ಬಾಗಿಸುತ್ತದೆ, ಇವನು ಅತ್ತಿತ್ತ ಅಲ್ಲಾಡಿಸಿದರೆ ಅದೂ ಅಲ್ಲಾಡಿಸುತ್ತದೆ. ದ್ರೌಪದಿ ಅಳಬೇಕಾದರೆ ತಿರುಮಲಯ್ಯನ ಕುತ್ತಿಗೆ ಅಳಬೇಕು. ಹಾಗೆ ಅತ್ತೂ ಅತ್ತೂ ಅವನ ಕುತ್ತಿಗೆ ಒಳ್ಳೆ ಕೋಣನ ಕುತ್ತಿಗೆಯಾಗಿತ್ತು.

ಆಮೇಲೆ ಪದ ಹೇಳುತ್ತಿದ್ದ ಭಾಗವತರು ತೀರಿಕೊಂಡರು. ಮೃದಂಗದ ಶಿವರಾಜು ಚನ್ನರಾಯಪಟ್ಟಣದ ರಸ್ತೆಯಲ್ಲಿ ಕೋಳಿ ಅಂಗಡಿ ಇಟ್ಟ. ತಾಳ ತಪ್ಪದ ಹಾಗೆ ಕೋಳಿ ಕತ್ತರಿಸುತ್ತಾನೆ ಎಂದು ಊರಲ್ಲಿ ಮಾತು. ಹೆಂಡತಿ ಕಲ್ಲಮ್ಮ ಒಂದು ಜ್ವರದಲ್ಲಿ ಹೋಗಿಬಿಟ್ಟಳು. ಮಕ್ಕಳಿರಲಿಲ್ಲ. ಉಳಿದದ್ದು ಒಂದು ಪೆಟ್ಟಿಗೆ ಗೊಂಬೆ, ಒಂದು ಮುದ್ದೆ ಕೋಲು.

ಒಬ್ಬನಿಗೆ ಮುದ್ದೆ ಮಾಡುವುದು ತಿರುಮಲಯ್ಯನಿಗೆ ಕೊನೆಗೂ ಬರಲಿಲ್ಲ. ಕಲ್ಲಮ್ಮನಿದ್ದಾಗಿನ ಅಳತೆ ಕೈಯಲ್ಲಿ ಕೂತುಬಿಟ್ಟಿತ್ತು. ಎಷ್ಟು ಹುಷಾರಾಗಿ ಹಿಟ್ಟು ಸುರಿದರೂ ಎರಡು ಮುದ್ದೆಯೇ ಆಗುತ್ತಿತ್ತು. ಮೊದಮೊದಲು ಎರಡನೆಯದನ್ನು ದ್ರೌಪದಿ ಗೊಂಬೆಯ ಮುಂದಿಟ್ಟು ತಾನು ಉಣ್ಣುತ್ತಿದ್ದ. ಐದು ಜನ ಗಂಡಂದಿರಿಗೆ ಬಡಿಸಿದ ಹೆಣ್ಣು ಅದು, ಇವನ ಮುದ್ದೆಯ ಕಡೆ ಕಣ್ಣೆತ್ತಿಯೂ ನೋಡಲಿಲ್ಲ. ಬೇಜಾರಾಗಿ ಒಂದು ಸಂಜೆ ಎದುರುಮನೆಯ ಮುದ್ದಮ್ಮನನ್ನು ಕೇಳಿದ.

"ಮುದ್ದಕ್ಕ, ಒಂದ್ ಮುದ್ದೆ ಮಿಕ್ಕೈತೆ. ಉಣ್ಣಕ್ಕೆ ಬತ್ತೀಯಾ?"

"ಇಲ್ಲ."

ಮುದ್ದಮ್ಮ ಬಸ್ ಸ್ಟಾಪಿನಲ್ಲಿ ಎಲೆ ಅಡಿಕೆ ಮಾರುವ ಮುದುಕಿ. ಜಗತ್ತಿನಲ್ಲಿ ಯಾರು ಏನು ಕೇಳಿದರೂ ಅವಳ ಉತ್ತರ ಒಂದೇ. ಮಳೆ ಬರುತ್ತಾ ಮುದ್ದಕ್ಕ ಅಂದರೆ ಇಲ್ಲ. ಹಾಗಾದರೆ ಬರಲ್ವಾ ಅಂದರೆ ಅದೂ ಇಲ್ಲ. ಓಟು ಕೇಳಲು ಬಂದವರಿಗೂ, ಯಾವ ಪಾರ್ಟಿಗೂ ಭೇದ ಮಾಡದೆ, ಇಲ್ಲ. ತಿರುಮಲಯ್ಯ ಮರುದಿನ ಕೇಳಿದ, ಅದರ ಮರುದಿನವೂ ಕೇಳಿದ. ಒಂದು ದಿನ "ಹಲ್ಲು ನೋಯ್ತದೆ" ಅಂದಳು. ಒಂದು ದಿನ "ಇವತ್ತು ಸ್ವಾಮಾರ, ಒಪ್ಪತ್ತು" ಅಂದಳು. ಇನ್ನೊಂದು ದಿನ, "ನಿನ್ನ ಎಸ್ರಲ್ಲಿ ಉಪ್ಪು ಜಾಸ್ತಿ ಕಣ್ಲಾ, ಯಾವ ಬಾಯಲ್ಲಿ ಉಣ್ಣಾದು?" ಎಂದು ಬೈದಳು. ತಿರುಮಲಯ್ಯ ಮರುದಿನದಿಂದ ಉಪ್ಪು ಕಡಿಮೆ ಮಾಡಿದ. ಅವಳು ಆಗಲೂ ಬರಲಿಲ್ಲ.

ದಿನಾ ಇಲ್ಲ ಅನ್ನಿಸಿಕೊಂಡು ಅವನು ಮುದ್ದೆಯನ್ನೂ ಸೊಪ್ಪಿನ ಎಸರನ್ನೂ ಒಂದು ತಟ್ಟೆಗೆ ಹಾಕಿ ಜಗಲಿಯ ಮೇಲಿಟ್ಟು ಮಂಕರಿ ಮುಚ್ಚುತ್ತಿದ್ದ. ಯಾವುದಾದರೂ ನಾಯಿ ಉರುಳಿಸಿಕೊಂಡು ತಿನ್ನಲಿ, ಅನ್ನ ಹಾಳಾಗಬಾರದು. ಬೆಳಗ್ಗೆ ನೋಡಿದರೆ ತಟ್ಟೆ ಫಳಫಳ ತೊಳೆದು, ಬೋರಲು ಹಾಕಿರುತ್ತಿತ್ತು.

"ನಮ್ ಬೀದಿ ನಾಯಿ ಬಲು ಸುದ್ಧ ಕಣ್ಲಾ ಶಿವರಾಜು," ಎಂದು ಒಂದು ದಿನ ಕೋಳಿ ಅಂಗಡಿಯಲ್ಲಿ ಹೇಳಿದ. ಶಿವರಾಜು ಇವನ ಮುಖವನ್ನೇ ನೋಡಿ, "ಅಣ್ಣ, ನೀನು ವಸಿ ಮನೆಯಿಂದ ಆಚೀಕ್ ಬಾ," ಅಂದ. ಎಲ್ಲಿಗಾದರೂ ಕರೆದಿದ್ದರೆ ತಾನೆ ಆಚೆ ಬರುವುದು? ಕರೆಯುವವರು ಒಬ್ಬರೂ ಇರಲಿಲ್ಲ.

ಮುದ್ದಮ್ಮನಿಗೂ ಒಂದು ಸಂಕಟವಿತ್ತು. ಅವಳ ಒಬ್ಬಳೇ ಮಗಳು ಶಾಂತಿ ಬಹಳ ವರ್ಷದ ಹಿಂದೆ ಅರಕಲಗೂಡಿನ ರವೀಶ್ ಎಂಬ ಲಾರಿ ಡ್ರೈವರನನ್ನು ಮದುವೆಯಾಗಿ ಹೋಗಿದ್ದಳು. ತಾಯಿಯನ್ನು ಕೇಳಿರಲಿಲ್ಲ. ಕೇಳಿದರೆ ಬರುವ ಉತ್ತರ ಊರಿಗೇ ಗೊತ್ತಿತ್ತಲ್ಲ! ಅಂದಿನಿಂದ ತಾಯಿ ಮಗಳಿಗೆ ಮಾತಿಲ್ಲ. "ಅವಳು ಓಗಿದ್ಕೆ ನಂಗೇನೂ ಇಲ್ಲ ಕಣ್ಲಾ ತಿರ್ಮಲ," ಎಂದು ಮುದ್ದಮ್ಮ ಸೆರಗಿನಿಂದ ಮೂಗೊರೆಸಿಕೊಳ್ಳುತ್ತಿದ್ದಳು. "ಎತ್ತ ತಾಯಿ ಅಂತ ಒಂದ್ ಮಾತು ಕೇಳ್ನಿಲ್ವಲ್ಲ. ಇಲ್ಲ ಅನ್ನಕ್ಕೂ ಬುಡ್ನಿಲ್ವಲ್ಲ ನನ್ನ!"

ಇಂಥ ದಿನಗಳಲ್ಲಿ ಪಕ್ಕದೂರಿನ ನಂಜಪ್ಪನವರು ತೀರಿಕೊಂಡರು. ಹೋಬಳಿಗೇ ದೊಡ್ಡ ಕುಳ, ಇಬ್ಬರು ಗಂಡುಮಕ್ಕಳು. ಜಗಲಿಯ ಮೇಲೆ ಕೂರಿಸಿದರು. ತಲೆ ಎಡಕ್ಕೆ ವಾಲಿತು. ಎಡಕ್ಕೆ ಕಿರಿಯ ಮಗ ನಿಂತಿದ್ದ. "ನೋಡ್ರವ್ವಾ, ಸತ್ ಮ್ಯಾಲೂ ನಮ್ ಮಾವಂಗೆ ಕಿರೀಮಗನೇ ಕಣ್ಣಿಗೆ ಕಾಣಾದು!" ಎಂದು ಹಿರಿಸೊಸೆ ಎದೆ ಬಡಿದುಕೊಂಡಳು. ತಲೆಯನ್ನು ಬಲಕ್ಕೆ ತಿರುಗಿಸಿದರು. ಕಿರಿಸೊಸೆ ಬಾಯಿ ಬಡಿದುಕೊಂಡಳು. ನಡುವೆ ನಿಲ್ಲಿಸಿದರು, ತಲೆ ದೊಪ್ಪನೆ ಎದೆಯ ಮೇಲೆ ಬಿತ್ತು. ನಮ್ಮಿಬ್ಬರ ಮುಖವನ್ನೂ ನೋಡಲು ಇಷ್ಟವಿಲ್ಲ ಎಂದು ಇಬ್ಬರೂ ಸೊಸೆಯರು ಮೊದಲ ಬಾರಿಗೆ ಒಬ್ಬರನ್ನೊಬ್ಬರು ತಬ್ಬಿಕೊಂಡು ಅತ್ತರು. ಆಗ ಯಾರೋ ಪುಣ್ಯಾತ್ಮ ತಿರುಮಲಯ್ಯನ ಹೆಸರು ಹೇಳಿದ.

ತಿರುಮಲಯ್ಯ ಪೆಟ್ಟಿಗೆ ಹೊತ್ತು ಬಂದ. ನಂಜಪ್ಪನವರನ್ನು ಗೋಡೆಯಿಂದ ಈಚೆಗೆ ಕುರ್ಚಿಯಲ್ಲಿ ಕೂರಿಸಿ, ಬೆನ್ನ ಹಿಂದೆ ಕರೀ ಪರದೆ ಕಟ್ಟಿದ. ಹಿಂದೆ ಬೆಂಚಿನ ಮೇಲೆ ನಿಂತು ಸಿಂಬಿ ಇಟ್ಟುಕೊಂಡ. ಪರದೆಯ ಎರಡು ತೂತಿನಿಂದ ದಾರ ಬಿಟ್ಟು ಪೇಟದೊಳಗೆ ಗಂಟು ಹಾಕಿಸಿದ. ಆಮೇಲೆ ನೆಟ್ಟಗೆ ನಿಂತ. ನಂಜಪ್ಪನವರೂ ನೆಟ್ಟಗೆ ಕೂತರು. ಇದ್ದಾಗಲೂ ಅಷ್ಟು ಗತ್ತಿನಲ್ಲಿ ಕೂತಿರಲಿಲ್ಲ ಎಂದು ಜನ ಮೆಚ್ಚಿಕೊಂಡರು.

ಸಾಂಬ್ರಾಣಿ ಹೊಗೆ ಹಾಕಿದರು ನೋಡಿ, ಅಲ್ಲಿ ಕೆಟ್ಟಿತು. ನಂಜಪ್ಪನವರ ಮೊಮ್ಮಗಳು ಸಿಂಧುವಿಗೆ ಹೊಳೆನರಸೀಪುರದ ತೆಂಗಿನಕಾಯಿ ಮಂಡಿಯ ಹುಡುಗ ಮಧುಕುಮಾರನ ಮೇಲೆ ಮನಸ್ಸು. ತಾತ ಒಪ್ಪಿರಲಿಲ್ಲ. ಹೊಳೆದಂಡೆಯವರಿಗೆ ನೀರು ಹೆಚ್ಚು, ಬುದ್ಧಿ ಕಮ್ಮಿ ಎಂದು ಅವರ ಸಿದ್ಧಾಂತ. ಹುಡುಗಿ ತಾತನ ಕಾಲು ಹಿಡಿದು, "ತಾತ, ಮಧೂನ ಮದ್ವೆ ಆಗ್ಲಾ? ಈಗಲಾದ್ರೂ ಹೂಂ ಅನ್ನು ತಾತ," ಎಂದು ಅತ್ತಳು. ಸರಿಯಾಗಿ ಆ ಗಳಿಗೆಗೆ ಹೊಗೆ ತಿರುಮಲಯ್ಯನ ಮೂಗಿಗೆ ಹೋಯಿತು. ಆಕ್ಷೀ ಆಕ್ಷೀ ಎಂದು ಸೀನಿದ. ನಂಜಪ್ಪನವರು ಎರಡು ಸಲ ಜೋರಾಗಿ ತಲೆಯಾಡಿಸಿದರು.

ಸೀನು ಇಡೀ ಬೀದಿಗೆ ಕೇಳಿಸಿತ್ತು. ಪರದೆ ಕಣ್ಣೆದುರೇ ಇತ್ತು, ದಾರವೂ ಕಾಣುತ್ತಿತ್ತು. ಆದರೂ ಹೆಂಗಸರು ಕೈಮುಗಿದರು, ಗಂಡಸರು ಚಪ್ಪಲಿ ಬಿಟ್ಟರು. "ಸೀನಿದ್ದು ತಿರ್ಮಲಣ್ಣ, ತಲೆ ಆಡ್ಸಿದ್ದು ನಂಜಪ್ಪನೋರು. ಅದೇ ಬ್ಯಾರೆ, ಇದೇ ಬ್ಯಾರೆ," ಎಂದು ಹಿರಿಯರೊಬ್ಬರು ತೀರ್ಪು ಕೊಟ್ಟರು. ಗೊಂಬೆಯಾಟದಲ್ಲೂ ಅಷ್ಟೇ ಅಲ್ಲವೇ? ದಾರ ಕಾಣುತ್ತದೆ, ಕಣ್ಣೀರು ಬರುತ್ತದೆ. ತಿಥಿ ಮುಗಿಯುವುದರೊಳಗೆ ಮದುವೆಯ ಮಾತು ನಡೆಯಿತು.

ಅಲ್ಲಿಂದ ತಿರುಮಲಯ್ಯನ ಮೊಬೈಲಿಗೆ ಪುರುಸೊತ್ತಿಲ್ಲ. ಅವನೂ ಕಲಿತ. ಸತ್ತವರು ಗೊಂಬೆಗಿಂತ ಭಾರ, ಆದರೆ ಗೊಂಬೆಗಿಂತ ಸಾಧು. ಮೈ ಬಿಗಿಯುವ ಮೊದಲೇ ಕೆಲಸ ಮುಗಿಸಬೇಕು. ಫ್ರೀಜರ್ ಬಾಕ್ಸಿನಲ್ಲಿ ಇಟ್ಟುಬಿಟ್ಟರೆ ಬ್ರಹ್ಮ ಬಂದರೂ ಆಗುವುದಿಲ್ಲ. ಗೊಂಬೆಯ ಬಾಯಲ್ಲಿ ಮಾತಾಡಿದ ಹಾಗೆ ಹೆಣದ ಬಾಯಲ್ಲಿ ಮಾತಾಡಬಾರದು, ಅದು ಅವನೇ ಹಾಕಿಕೊಂಡ ಕಟ್ಟಳೆ. ಹೊಳೆನರಸೀಪುರದಲ್ಲಿ ಒಬ್ಬ ಹೆಂಗಸು, ಜೀವಮಾನದಲ್ಲಿ ತಪ್ಪಾಯಿತು ಅನ್ನದ ಗಂಡನಿಂದ ಒಮ್ಮೆ ತನಗೆ ಕೈಮುಗಿಸಿ ಎಂದು ಕೇಳಿಕೊಂಡಳು. ಗೊಂಬೆಯ ಕೈ ಆಡಿಸುವ ಸಲಾಕೆಯನ್ನೇ ಕಟ್ಟಿ ಕೈಮುಗಿಸಿದ. ಆಕೆ ಬಹಳ ಹೊತ್ತು ನೋಡಿ, "ಸಾಕು ಇಳಿಸಪ್ಪ, ಪಾಪ, ಕೈ ನೋಯ್ತದೆ," ಅಂದಳು. ಹಾಸನದಲ್ಲಿ ಒಬ್ಬರು ನಿವೃತ್ತ ಸಾಹೇಬರು, ಇದ್ದಾಗ ಯಾರ ಅರ್ಜಿಗೂ ತಲೆಯಾಡಿಸದವರು, ಸತ್ತ ದಿನ ಕ್ಯೂನಲ್ಲಿ ಬಂದವರಿಗೆಲ್ಲ ತಲೆಯಾಡಿಸಿದರು. ಜನ ತೃಪ್ತಿಯಿಂದ ಮನೆಗೆ ಹೋದರು. ಕೆಲಸವೇನೋ ಯಾರದ್ದೂ ಆಗಲಿಲ್ಲ.

ಸತ್ತವರ ಮನೆಯಲ್ಲಿ ಮರ್ಯಾದೆ ಹೆಚ್ಚಿದಷ್ಟೂ ಬದುಕಿದ್ದವರ ಬೀದಿಯಲ್ಲಿ ಅವನಿಗೆ ಜಾಗ ಕಡಿಮೆಯಾಯಿತು. ಅವನು ಬಸ್ಸು ಹತ್ತಿದರೆ ಪಕ್ಕದ ಸೀಟು ಖಾಲಿ. ಕಾಯಿಲೆಯವರಿರುವ ಮನೆಯ ಮುಂದೆ ಹಾದರೆ ಬಾಗಿಲು ಧಡಾರನೆ ಮುಚ್ಚುತ್ತಿತ್ತು. "ಅಂಗಡಿ ಮುಂದ್ಗಡೆ ನಿಂತ್ಕಬ್ಯಾಡ ಕಣಣ್ಣ, ಗಿರಾಕಿ ಬರಾಕಿಲ್ಲ," ಎಂದು ಶಿವರಾಜುವೂ ಹೇಳಿದ. ಕೋಳಿ ಕತ್ತರಿಸುವವನಿಗೆ ಸಾವಿನ ಮಡಿ ನೋಡಿ!

ಸಿಂಧುವಿನ ಮದುವೆಗೆ ಕರೆಯೋಲೆ ಬರಲಿಲ್ಲ. ಮರೆತಿರಬೇಕು ಎಂದುಕೊಂಡು ತಿರುಮಲಯ್ಯ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಹೊಳೆನರಸೀಪುರದ ಕಲ್ಯಾಣ ಮಂಟಪಕ್ಕೆ ಹೋದ. ಬಾಗಿಲಲ್ಲಿ ಪನ್ನೀರು ಚಿಮುಕಿಸುತ್ತಿದ್ದ ಹಿರಿಸೊಸೆ ಇವನನ್ನು ಕಂಡು ಬೆಚ್ಚಿಬಿದ್ದಳು. "ಸುಭಕಾರ್ಯ ಕಣಣ್ಣ... ತಿಳ್ಕಬೇಕು ನೀನು," ಅಂದಳು. ತನ್ನ ಸೀನಿನಿಂದಲೇ ಆದ ಮದುವೆ. ಬಸ್ಸಿನಲ್ಲಿ ವಾಪಸು ಬರುವಾಗ ಪಕ್ಕದ ಖಾಲಿ ಸೀಟಿನ ಮೇಲೆ ಕೈಯಿಟ್ಟುಕೊಂಡು ಕೂತಿದ್ದ.

"ಲಾಡು ಆಕುದ್ರಾ?" ಎಂದು ಮುದ್ದಮ್ಮ ಕೇಳಿದಳು.

"ಒಳೀಕೇ ಬುಡ್ನಿಲ್ಲ ಮುದ್ದಕ್ಕ."

"ಅವ್ರ ಮನೆ ಎಕ್ಕುಟ್ಟೋಗ!" ಎಂದು ಅವಳು ಎಲೆಯಡಿಕೆ ಉಗಿದಳು. ಅವನಿಗೆ ಸ್ವಲ್ಪ ಹಗುರವಾಯಿತು.

"ಉಣ್ಣಕ್ಕೆ ಬತ್ತೀಯಾ?"

"ಇಲ್ಲ. ಎಣ ಮುಟ್ಟಿದ ಕೈ ನಿಂದು."

ಅವಳೊಬ್ಬಳೇ ಅವನ ಮುಖ ನೋಡಿ ಬೈಯುತ್ತಿದ್ದವಳು. ಅಷ್ಟರಿಂದಲೇ ಅವನ ದಿನ ನಡೆಯುತ್ತಿತ್ತು. ಒಂದೇ ಒಂದು ಸಲ ಎದುರು ಕೂತು ಉಂಡುಬಿಟ್ಟರೆ ತಾನೂ ಮನುಷ್ಯರ ಲೆಕ್ಕಕ್ಕೆ ಸೇರುತ್ತೇನೆ ಎಂದು ಅವನಿಗೆ ಒಳಗೊಳಗೇ ಆಸೆ.

ಆ ಚಳಿಗಾಲ ಮುದ್ದಮ್ಮನಿಗೆ ಕೆಮ್ಮು ಹಿಡಿಯಿತು. ಒಂದು ಸಂಜೆ ಬೀದಿ ದಾಟಿ ಬಂದು ಇವನ ಜಗಲಿಯ ಕೆಳಗೆ ನಿಂತಳು.

"ಲೇ ತಿರ್ಮಲ, ನಾ ಸತ್ರೆ ತಲೆ ಜೋತು ಬೀಳಂಗೆ ಬುಡಬ್ಯಾಡ. ನೆಟ್ಟಗೆ ಕೂರ್ಸು. ಆದ್ರೆ ಯಾವನ್ ಏನ್ ಕೇಳುದ್ರೂ ಹೂಂ ಅನ್ನಿಸ್ಬ್ಯಾಡ ಕಣ್ಲಾ. ಬದ್ಕಿದ್ದಾಗ ಒಂದಿನ ಅಂದೋಳಲ್ಲ ನಾನು, ಸತ್ ಮ್ಯಾಲೆ ಮಾನ ಕಳೀಬ್ಯಾಡ. ಆಣೆ ಮಾಡು."

ತಿರುಮಲಯ್ಯ ಪೆಟ್ಟಿಗೆಯಿಂದ ಕೃಷ್ಣನ ಗೊಂಬೆ ತೆಗೆದು ಅದರ ತಲೆಯ ಮೇಲೆ ಕೈಯಿಟ್ಟು ಆಣೆ ಮಾಡಿದ.

ಮುದ್ದಮ್ಮ ಹೋದದ್ದು ಬಸ್ ಸ್ಟಾಪಿನಲ್ಲಿ, ಎಲೆಯ ಬುಟ್ಟಿಯ ಮುಂದೆ, ಕೂತಲ್ಲೇ. ಪಟ್ಟಣದ ಬಸ್ಸು ಹೋಯಿತೇನಮ್ಮ ಎಂದು ಯಾರೋ ಕೇಳಿದರಂತೆ. ಅವಳು ಇಲ್ಲ ಅನ್ನಲಿಲ್ಲ. ಆಗಲೇ ಜನಕ್ಕೆ ಅನುಮಾನ ಬಂದದ್ದು.

ತಿರುಮಲಯ್ಯ ಅಂದು ಯಾರೂ ಕರೆಯದೆಯೇ ಹೋದ. ಪರದೆ ಕಟ್ಟಿದ. ತಲೆಗೆ ಹೊದಿಸಿದ ಸೆರಗಿನೊಳಗೆ ದಾರ ಗಂಟು ಹಾಕಿ, ಹಿಂದೆ ಬೆಂಚಿನ ಮೇಲೆ ನಿಂತು ತಲೆ ನೆಟ್ಟಗೆ ಮಾಡಿದ. ಮುದ್ದಮ್ಮ ಎದುರುಮನೆಯನ್ನೇ ದುರುಗುಟ್ಟಿಕೊಂಡು ಕೂತಳು. ಊರು ಬಂದು ನೋಡಿ ಹೋಯಿತು. ಕೇಳುವವರೂ ಕೇಳಿದರು. ಒಬ್ಬ, ನಿಮ್ಮ ಹಿತ್ತಲ ನುಗ್ಗೆಮರ ನಾನು ಕಡಿದುಕೊಳ್ಳಲಾ ಅಂದ. ತಿರುಮಲಯ್ಯ ಕಲ್ಲಿನ ಹಾಗೆ ನಿಂತ.

ಮಧ್ಯಾಹ್ನದ ಬಸ್ಸಿಗೆ ಅರಕಲಗೂಡಿನಿಂದ ಶಾಂತಿ ಬಂದಳು. ಹಿಂದೆ ತಲೆ ನೆರೆತ ಗಂಡ ರವೀಶ್, ಕಾಲೇಜಿಗೆ ಹೋಗುವ ಮಗಳು ಭವ್ಯಶ್ರೀ. ಶಾಂತಿ ಅಳಲಿಲ್ಲ. ತಾಯಿಯ ಮುಂದೆ ಕೂತು ಕಾಲ ಮೇಲೆ ಕೈಯಿಟ್ಟಳು. ಅವಳು ಚಿಕ್ಕ ಹುಡುಗಿಯ ದನಿಯಲ್ಲಿ ಕೇಳಿದಳು:

"ಅವ್ವಾ, ರವೀಶ ಅಂತ, ಅರಕಲಗೂಡ್ನೋರು, ಲಾರಿ ಓಡುಸ್ತಾರೆ. ಮದ್ವೆ ಆಗ್ಲೇನವ್ವಾ?"

ರವೀಶ್ ಮದುವೆ ಗಂಡಿನ ಹಾಗೆ ಅಂಗಿಯ ಗುಂಡಿ ಹಾಕಿಕೊಂಡ. ಯಾರಿಗೂ ನಗು ಬರಲಿಲ್ಲ.

ಪರದೆಯ ಹಿಂದೆ ತಿರುಮಲಯ್ಯನ ಕಣ್ಣು ಮಂಜಾಯಿತು. ಒಂದು ಹೂಂ, ಒಂದೇ ಒಂದು ಸಲ ಕುತ್ತಿಗೆ ಬಾಗಿಸಿದರೆ ಈ ಹೆಣ್ಣಿನ ಜನ್ಮದ ಸಂಕಟ ಕಳೆಯುತ್ತದೆ. ಆಣೆ ಮಾಡಿದ್ದ, ನಿಜ. ಕೃಷ್ಣ ಎಂಥೆಂಥ ಆಣೆ ಮುರಿಸಿದವನು, ಇದೊಂದನ್ನು ನೋಡಿಕೊಳ್ಳಲಿ! ಅವನು ಕಣ್ಣುಮುಚ್ಚಿ ತಲೆ ಬಾಗಿಸಿದ.

ದಾರ ಸಡಿಲಾಯಿತು. ಮುದ್ದಮ್ಮನ ತಲೆ ಬಾಗಲಿಲ್ಲ.

ಮೈ ಬಿಗಿದಿರಬೇಕು ಎಂದುಕೊಂಡ. ಇನ್ನೂ ಬಾಗಿದ. ದಾರ ಜೋಲಾಡಿತು, ತಲೆ ಹಾಗೆಯೇ ನೆಟ್ಟಗಿತ್ತು, ಹಿಡಿದವರಿಲ್ಲದೆ. ಆಮೇಲೆ ದಾರ ತಾನಾಗಿಯೇ ಬಿಗಿಯಿತು. ಎಡಕ್ಕೆ ಸೆಳೆಯಿತು. ಬಲಕ್ಕೆ ಸೆಳೆಯಿತು. ಸಿಂಬಿಯ ಜೊತೆಗೆ ತಿರುಮಲಯ್ಯನ ತಲೆಯೂ ಎಡಕ್ಕೆ ಹೋಯಿತು, ಬಲಕ್ಕೆ ಹೋಯಿತು. ಆ ಕೋಣನ ಕುತ್ತಿಗೆ ಯಾವ ಕೆಲಸಕ್ಕೂ ಬರಲಿಲ್ಲ. ಜಗಲಿಯ ಮೇಲೆ ಮುದ್ದಮ್ಮ ಎಲ್ಲರ ಎದುರಿಗೆ, ಸ್ಪಷ್ಟವಾಗಿ, ಇಲ್ಲ ಎಂದು ತಲೆಯಲ್ಲಾಡಿಸಿದಳು.

"ಅಯ್ಯೋ ಪಾಪಿ ಮುಂಡೇದೇ, ಏನ್ ಮಾಡ್ಬುಟ್ಟೆ!" ಎಂದು ಜನ ಪರದೆಯ ಕಡೆ ನುಗ್ಗಿದರು. ಅಷ್ಟರಲ್ಲಿ ಶಾಂತಿ ಕಿಟಾರನೆ ಕಿರುಚಿದಳು. ಕಿರುಚಿದ್ದಲ್ಲ, ನಕ್ಕದ್ದು.

"ಅಂದ್ಲು! ಇಲ್ಲ ಅಂದ್ಲು ನಮ್ಮವ್ವ!" ತಾಯಿಯ ಮಡಿಲಿಗೆ ಬಿದ್ದು ನಗುತ್ತಲೇ ಅಳತೊಡಗಿದಳು. "ಹೂಂ ಅಂದಿದ್ರೆ ತಿರ್ಮಲಣ್ಣ ಆಡ್ಸಿದ್ದು ಅಂತ ತಿಳ್ಕತಿದ್ದೆ ಕಣ್ರಪ್ಪಾ. ಇದು ನಮ್ಮವ್ವನೇ! ಇಲ್ಲ ಅನ್ನದೆ ನಂಗೆ ಒಂದಿನ ಏನೂ ಕೊಟ್ಟೋಳಲ್ಲ. ಸಂತೇಲಿ ಬಳೆ ಕೇಳುದ್ರೆ ಇಲ್ಲ ಅನ್ನೋಳು, ಒತ್ತಾರೆ ಎದ್ರೆ ಕೈಯಾಗೆ ಬಳೆ ಇರೋವು. ಉಣ್ಣವ್ವ ಅಂದ್ರೆ ಇಲ್ಲ ಅನ್ನೋಳು, ಎಲ್ರೂ ಮಲೀಕಂಡ್ ಮ್ಯಾಲೆ ಉಂಡು ತಟ್ಟೆ ತೊಳ್ದು ಮಡಗೋಳು."

ತಿರುಮಲಯ್ಯ ಬೆಂಚಿನ ಮೇಲೆ ನಿಂತಲ್ಲೇ ನಿಂತ. ಎಸರಿನಲ್ಲಿ ಉಪ್ಪು ಜಾಸ್ತಿ ಅಂದಿದ್ದಳು. ಉಣ್ಣದವಳಿಗೆ ಉಪ್ಪಿನ ಸುದ್ದಿ ಯಾರು ಹೇಳಿದರು? ಯಾವ ಊರಿನ ನಾಯಿ ತಟ್ಟೆ ತೊಳೆದು ಬೋರಲು ಹಾಕುತ್ತದೆ? ಇಷ್ಟು ವರ್ಷ ತಾನು ಒಬ್ಬನೇ ಉಂಡೆ ಎಂದು ಕೊರಗಿದನಲ್ಲ, ಇವನಂಥ ಮುಠ್ಠಾಳ ಹಾಸನ ಜಿಲ್ಲೆಯಲ್ಲಿ ಇನ್ನೊಬ್ಬನಿರಲಿಕ್ಕಿಲ್ಲ.

ಜನ ಬಿದಿರು ತರಲು, ಹೂವು ತರಲು ಚದುರಿದರು. ಅವನು ಪರದೆಗೆ ಬಾಯಿ ತಂದು ಮೆಲ್ಲಗೆ ಕೇಳಿದ.

"ಮುದ್ದಕ್ಕ, ಉಣ್ಣಕ್ಕೆ ಬತ್ತೀಯಾ?"

ದಾರ ಎಡಕ್ಕೆ ಸೆಳೆಯಿತು, ಬಲಕ್ಕೆ ಸೆಳೆಯಿತು.

"ಸರಿ ಬುಡು," ಅಂದ ತಿರುಮಲಯ್ಯ. ಆಮೇಲೆ ಸಿಂಬಿ ತೆಗೆಯದೆಯೇ ಗೊಳೋ ಎಂದು ಅತ್ತ. ಕಲ್ಲಮ್ಮ ಸತ್ತಾಗಲೂ ಅವನು ಹಾಗೆ ಅತ್ತಿರಲಿಲ್ಲ.

ಮಣ್ಣು ಮಾಡಿ, ಮಿಂದು ಮನೆಗೆ ಬಂದಾಗ ಹೊತ್ತು ಮುಳುಗಿತ್ತು. ಅಳತೆ ಮಾಡಿಯೇ ಹಿಟ್ಟು ಸುರಿದ, ಎರಡು ಮುದ್ದೆಯಾಯಿತು. ಉಪ್ಪು ಕಡಿಮೆ ಹಾಕಿದ ಎಸರು ಹುಯ್ದು, ಒಂದು ತಟ್ಟೆಯನ್ನು ಜಗಲಿಯ ಮೇಲಿಟ್ಟು ಮಂಕರಿ ಮುಚ್ಚಿದ.

ಬೆಳಗ್ಗೆ ಬಾಗಿಲು ತೆಗೆದು ನೋಡಿದರೆ ಮಂಕರಿ ಬೀದಿಯಲ್ಲಿ ಉರುಳಿತ್ತು. ಕರೀ ನಾಯಿಯೊಂದು ತಟ್ಟೆಯನ್ನು ಚರಂಡಿಯವರೆಗೆ ಎಳೆದುಕೊಂಡು ಹೋಗಿ, ಅರ್ಧ ತಿಂದು, ಅರ್ಧ ಚೆಲ್ಲಿ, ಬಾಲ ಅಲ್ಲಾಡಿಸುತ್ತಾ ನಿಂತಿತ್ತು. ತಟ್ಟೆಯ ತುಂಬ ಕೆಸರು. ತಿರುಮಲಯ್ಯ ಬಹಳ ಹೊತ್ತು ನಾಯಿಯನ್ನು ನೋಡಿದ. ಆಮೇಲೆ ತಟ್ಟೆ ಎತ್ತಿಕೊಂಡು ನಲ್ಲಿಗೆ ಹೋಗಿ ತಾನೇ ತೊಳೆದು, ತಂದು ಜಗಲಿಯ ಮೇಲೆ ಬೋರಲು ಹಾಕಿದ.